ಮುಟ್ಟಬಾರದ ಚೆಂಡು

ನನ್ನ ಮೊಮ್ಮಗಳು ಶ್ರಾವ್ಯಳಿಗೆ ಆ ಕಾಲೇಜಿನ ಸೀಟು ತಪ್ಪಿದ್ದು ನನ್ನಿಂದ. ಅವಳ ಗ್ರಹಚಾರದಿಂದ ಅಲ್ಲ, ಕೋಚಿನವಳ ಹಟದಿಂದಲೂ ಅಲ್ಲ. ಊರಿನಿಂದ ಫೋನು ಮಾಡುವವರು ಒಬ್ಬೊಬ್ಬರು ಒಂದೊಂದು ಕಥೆ ಕಟ್ಟಿದ್ದಾರೆ. ಅದಕ್ಕೇ ನಡೆದದ್ದನ್ನು ನಾನೇ ಬರೆಯುತ್ತೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಮನೆಯಲ್ಲಿ ನಮ್ಮದು ತುಳು. ಎಲ್ಲರಿಗೂ ತಿಳಿಯಲೆಂದು ಮಾತನ್ನೂ ಕನ್ನಡದಲ್ಲಿ ಹಾಕಿದ್ದೇನೆ.

ಕಾಪುವಿನ ಹತ್ತಿರದಿಂದ ನಾನು ಮಸ್ಕತ್ತಿಗೆ ಬಂದು ಮೂರು ವರ್ಷವಾಯಿತು. ಮಗನಿಗೆ ಅಲ್ ಖುವೈರ್‌ನಲ್ಲಿ ಆಫೀಸು ಕೆಲಸ. ಸೊಸೆ ಕ್ಲಿನಿಕ್ಕಿನಲ್ಲಿ ನರ್ಸು, ಶಿಫ್ಟ್ ಡ್ಯೂಟಿ. ಬಂದ ಮರುದಿನ ನಸುಕಿನಲ್ಲಿ ಮಗ ಕಡಲ ದಂಡೆಗೆ ಕರೆದುಕೊಂಡು ಹೋದ. ನಮ್ಮ ಕಡೆ ಸೂರ್ಯ ಸಮುದ್ರಕ್ಕೆ ಇಳಿಯುವವನು. ಇಲ್ಲಿ ನೀರಿನೊಳಗಿಂದ ಮೇಲೆ ಬಂದ. ನನಗೆ ದಿನವೇ ಹಿಂದೆ ಮುಂದಾದ ಹಾಗಾಯಿತು. ಆ ಮಂಪರು ಎಷ್ಟೋ ತಿಂಗಳು ಬಿಡಲಿಲ್ಲ. ನಾಲ್ಕನೇ ಮಾಳಿಗೆಯ ಫ್ಲ್ಯಾಟು, ಎ.ಸಿ.ಗೆಂದು ಮುಚ್ಚಿಯೇ ಇಟ್ಟ ಕಿಟಕಿ. ಗಾಜಿನಾಚೆ ಹೆದ್ದಾರಿಯ ಕಾರುಗಳು ಸದ್ದಿಲ್ಲದೆ ಹರಿಯುತ್ತಿದ್ದವು. ಊರಿನಲ್ಲಿ ಅಡುಗೆಮನೆಯಲ್ಲಿ ನಿಂತು ಕೂಗಿದರೆ ಮೂರು ಮನೆಯವರು ಓಗೊಡುತ್ತಿದ್ದರು. ಇಲ್ಲಿ ಎದುರು ಬಾಗಿಲಿನವರ ಹೆಸರು ತಿಳಿಯಲು ಒಂದು ವರ್ಷ ಬೇಕಾಯಿತು.

ಮತ್ರಾದ ಮೀನು ಮಾರುಕಟ್ಟೆಯಲ್ಲಿ ಸ್ವಲ್ಪ ಗೆದ್ದೆ. ಬಂಗುಡೆಯ ಕಿವಿರು ಎತ್ತಿ ನೋಡಿ, ‘ಖಲಾಸ್’ ಎಂದು ತಿರುಗಿ ನಡೆಯಲು ಕಲಿತೆ. ಮುಗಿಯಿತು, ಮಾತಿಲ್ಲ ಎಂದು ಅದರ ಅರ್ಥ. ಮೀನಿನವನು ನಕ್ಕು ಹಿಂದಕ್ಕೆ ಕರೆಯುತ್ತಿದ್ದ.

ಶ್ರಾವ್ಯ ಹುಟ್ಟಿದ್ದೇ ಇಲ್ಲಿ. ತುಳುವಿನಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ. ವಾಲಿಬಾಲ್ ಮಾತ್ರ ದೇವರು ಮೈಮೇಲೆ ಬಂದ ಹಾಗೆ ಆಡುತ್ತಾಳೆ. ಹನ್ನೆರಡನೇ ಕ್ಲಾಸು ಮುಗಿಯುತ್ತಾ ಬಂದಾಗ ಸೊಹಾರ್ ಕಡೆಯ ಒಂದು ಎರಡು ವರ್ಷದ ಕಾಲೇಜಿನಿಂದ ಪತ್ರ ಬಂತು. ಟೀಮಿಗೆ ಸೇರಲು ಬಯಸುವ ಮಕ್ಕಳು ಒಮ್ಮೆ ಬಂದು ಕಾಲೇಜು ನೋಡಬಹುದು. ಟೀಮಿಗೆ ಆಯ್ಕೆಯಾದರೆ ಫೀಸು ಇಲ್ಲ, ಹಾಸ್ಟೆಲು ಅವರದೇ. ಇಲ್ಲದಿದ್ದರೆ ಅವಳು ಮಂಗಳೂರಿನ ಕಾಲೇಜಿಗೆ ಹೋಗಬೇಕು. ಅವಳನ್ನು ನೋಡಿಕೊಳ್ಳಲು ನಾನೂ ಊರಿಗೆ ವಾಪಸು. ಹಾಗೆಂದು ಮಗ ತೀರ್ಮಾನಿಸಿದ್ದ.

ಪತ್ರದ ಜೊತೆ ನಿಯಮಗಳ ಒಂದು ಹಾಳೆ. ಶ್ರಾವ್ಯ ಓದಿ ಹೇಳಿದಳು. ಜೊತೆಗೆ ಮನೆಯವರು ಒಬ್ಬರೇ ಬರಬೇಕು. ಒಂದು ರಾತ್ರಿ ಮಾತ್ರ ತಂಗಬಹುದು. ಊಟ ಟೀಮಿನ ಹುಡುಗಿಯರ ಜೊತೆ ಮೆಸ್ಸಿನಲ್ಲೇ. ಕೋಚಿಗೆ ಏನೂ ಕೊಡಬಾರದು, ಅವರಿಂದ ಏನೂ ತೆಗೆದುಕೊಳ್ಳಬಾರದು.

“ಮತ್ತೆ ಇದು ಮುಖ್ಯ ಅಜ್ಜಿ. ನೋಡ್ಲಿಕ್ಕೆ ಹೋದವರು ಚೆಂಡು ಮುಟ್ಟುವ ಹಾಗಿಲ್ಲ.”

“ಆಡುವವಳನ್ನು ಕರೆದು ಆಡಬೇಡ ಅಂತಾರಾ? ಹೆಣ್ಣು ನೋಡ್ಲಿಕ್ಕೆ ಬಂದವರೂ ಒಂದು ಹಾಡು ಹೇಳಿಸ್ತಾರೆ ಮಾರಾಯ್ತಿ.”

“ಆಟ ನೋಡುವ ದಿನ ಬೇರೆ ಉಂಟು. ನೀವು ಸೈನ್ ಹಾಕಿ, ಸಾಕು.”

ಮಗ, ಸೊಸೆ ಇಬ್ಬರಿಗೂ ರಜೆ ಸಿಗಲಿಲ್ಲ. ಹಾಗಾಗಿ ನಾನೇ ಕನ್ನಡದಲ್ಲಿ ಸಹಿ ಹಾಕಿ ಹೊರಟೆ.

ಬಸ್ಸಿನ ಒಂದು ಬದಿಗೆ ದೂಳಿನಲ್ಲಿ ಕರಗಿದ ಗುಡ್ಡ, ಇನ್ನೊಂದು ಬದಿಗೆ ಖರ್ಜೂರದ ತೋಟ, ಅದರ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಸಮುದ್ರ. ತೂಕಡಿಸಿ ಕಣ್ಣು ಬಿಟ್ಟಾಗೆಲ್ಲ ನಮ್ಮೂರ ಹತ್ತಿರದ ಉಚ್ಚಿಲ ದಾಟಿತೇ ಎಂದು ಹುಡುಕುತ್ತಿದ್ದೆ. ಪಕ್ಕದಲ್ಲಿ ಶ್ರಾವ್ಯ ಅರಬಿ ಬೋರ್ಡುಗಳನ್ನು ಪಟಪಟನೆ ಓದುತ್ತಿದ್ದಳು.

ಮಧ್ಯಾಹ್ನ ಆಟದ ಹಾಲಿಗೆ ಕರೆದುಕೊಂಡು ಹೋದರು. ಅಂಥ ಹಾಲು ನಾನು ನೋಡಿರಲಿಲ್ಲ. ಹಸಿರು ನೆಲ, ಮೇಲಿಂದ ಸುರಿಯುವ ಬೆಳಕು. ಹುಡುಗಿಯರು ತಲೆಬಟ್ಟೆ ಕಟ್ಟಿಕೊಂಡು ಹಾರುತ್ತಿದ್ದರೆ ನೀರಿನಡಿಯಲ್ಲಿ ಮೀನು ಓಡಾಡಿದಂತೆ ಕಾಣುತ್ತಿತ್ತು. ಕೋಚಿನ ಹೆಸರು ಮರಿಯಂ. ಬಲೂಚಿ ಮನೆತನದ ಒಮಾನಿ ಹೆಂಗಸು, ಹಿಂದಿ ಬರುತ್ತದೆ. ಟಿ.ವಿ. ನೋಡಿ ನನಗೂ ಅಷ್ಟಿಷ್ಟು ಬರುತ್ತದೆ. ನನ್ನನ್ನು ‘ಅಮ್ಮಾ’ ಎಂದು ಕರೆದು ಕುರ್ಚಿ ಕೊಟ್ಟಳು. ನೋಡಲು ಬಂದ ಹುಡುಗಿಯರು ಶ್ರಾವ್ಯ ಸೇರಿ ಮೂವರು.

ಒಂದು ಗಂಟೆ ಕೂತೆವು. ಯಾರೂ ನಮ್ಮ ಹುಡುಗಿಯ ಕಡೆ ತಿರುಗಿ ನೋಡಲಿಲ್ಲ. ನನಗೆ ಮೈಯೆಲ್ಲ ತುರಿಸತೊಡಗಿತು. ನಾನು ಮೂವತ್ತು ವರ್ಷ ಬೀಡಿ ಕಟ್ಟಿದವಳು. ನಮ್ಮ ಬೀಡಿ ಬ್ರಾಂಚಿನಲ್ಲಿ ಎದುರಿಗೇ ನಾಲ್ಕು ಬೀಡಿ ಕಟ್ಟಿ ತೋರಿಸದೆ ಎಲೆ, ತಂಬಾಕು ಕೊಡುತ್ತಿರಲಿಲ್ಲ. ಕೈ ನೋಡದೆ ಕೆಲಸ ಕೊಡುವವರು ಲೋಕದಲ್ಲಿ ಉಂಟೇ? ಅಷ್ಟರಲ್ಲಿ ಒಂದು ಚೆಂಡು ಉರುಳಿ ಬಂದು ನನ್ನ ಕಾಲ ಬಳಿ ನಿಂತಿತು.

“ಏಳು, ಒಂದು ಹೊಡೆದು ತೋರಿಸು.”

“ಅಜ್ಜಿ, ರೂಲ್ಸ್!”

“ಎಂತ ರೂಲ್ಸು! ಕುರ್ಚಿ ಬಿಸಿ ಮಾಡ್ಲಿಕ್ಕೆ ಬಂದದ್ದಾ ನಾವು?”

ಅವಳು ತಲೆ ಅಲ್ಲಾಡಿಸಿದಳು. ನಾನು ಎದ್ದು ಚೆಂಡನ್ನು ಅವಳ ತಲೆಯ ಮೇಲಕ್ಕೆ ಎಸೆದೇ ಬಿಟ್ಟೆ. ಅವಳ ಮೈ ಅವಳ ಮಾತು ಕೇಳಲಿಲ್ಲ. ಹಾರಿದಳು. ಗಾಳಿಯಲ್ಲಿ ಒಂದು ಗಳಿಗೆ ಹಾಗೇ ನಿಂತಳು ಎನ್ನಬೇಕು. ಚೆಂಡು ನೆಟ್ಟಿನಾಚೆ ಮೂಲೆಗೆ ಬಡಿದು ಸಿಡಿಯಿತು. ಟೀಮಿನ ಹುಡುಗಿಯರು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಸೀಟಿ ಕೇಳಿತು.

ಮರಿಯಂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಜಗಳವಾಡಬಹುದಿತ್ತು. ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು: “ಹೊಡೆತ ಚೆನ್ನಾಗಿತ್ತು ಅಮ್ಮಾ. ಅದೇ ಕಷ್ಟ. ನಾನು ನೋಡಿಬಿಟ್ಟೆ.”

“ನೋಡಿದರೆ ಒಳ್ಳೆಯದೇ ಆಯಿತಲ್ಲ?”

“ಅಲ್ಲಿ ಇನ್ನಿಬ್ಬರು ಮಕ್ಕಳು ಚೆಂಡು ಮುಟ್ಟದೆ ಕೂತಿದ್ದಾರೆ. ಅವರಿಗೂ ಆಸೆ ಇಲ್ಲವಾ? ಎಲ್ಲರನ್ನೂ ಒಂದೇ ದಿನ, ಒಂದೇ ನೆಲದ ಮೇಲೆ ಆಡಿಸಿ ಆರಿಸುತ್ತೇವೆ. ಇವತ್ತು ಆಡಿದವಳ ಹೆಸರನ್ನು ನಾನೇ ಆಫೀಸಿಗೆ ಬರೆದು ಕೊಡಬೇಕು. ಈ ವರ್ಷ ಇವಳಿಗೆ ಖಲಾಸ್.”

ಆ ಇಬ್ಬರನ್ನು ನೋಡಿದೆ. ಒಬ್ಬಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು.

ಸಂಜೆ ಅತಿಥಿ ಕೋಣೆಯಲ್ಲಿ ಶ್ರಾವ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಾಂಗು ಕೇಳಿತು, ನಿಂತಿತು. ಆಮೇಲೆ ಅವಳು ಇಂಗ್ಲಿಷು ಬೆರೆಸದೆ ಕೇಳಿದಳು:

“ಅಜ್ಜಿ, ನೀವು ಬೇಕಂತಲೇ ಮಾಡಿದ್ದಾ?”

“ಎಂತಕ್ಕೆ ಮಾಡ್ಲಿ?”

“ನನಗೆ ಸೀಟು ಸಿಗದಿದ್ರೆ ನೀವು ಊರಿಗೆ ಹೋಗಬಹುದಲ್ಲ.”

“ಹುಚ್ಚು ಮಾತಾಡಬೇಡ” ಎಂದೆ. ಆದರೆ ತಡವಾಗಿ ಎಂದೆ. ತಡವಾದದ್ದು ಅವಳಿಗೂ ತಿಳಿಯಿತು. ಕಣ್ಣು ಮುಚ್ಚಿದರೆ ನಮ್ಮ ಅಂಗಳ ಬರುತ್ತಿತ್ತು, ಅದರ ನಡುವೆ ನೆಟ್ಟು, ನೆಟ್ಟಿನ ಮೇಲೆ ಇವಳು. ಅಂಗಳವೂ ಬೇಕು, ಇವಳು ಹಾರುವುದೂ ಬೇಕು. ಎರಡನ್ನೂ ಒಂದೇ ಕಡೆ ಇಡುವ ಜಾಗ ಯಾವ ದೇಶದಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕನ್ನಡದಲ್ಲಿ ಬರೆದೆ. ಬಸ್ಸಿಗೆ ಮೊದಲು ಅವಳನ್ನು ಎಳೆದುಕೊಂಡು ಮರಿಯಂ ಕೋಣೆಗೆ ಹೋದೆ. “ಈ ವರ್ಷದ್ದು ಬದಲಾಗುವುದಿಲ್ಲ ಅಮ್ಮಾ” ಎಂದಳು. “ಬೇಡ. ಇವಳ ಹೆಸರಿನ ಜೊತೆ ಈ ಕಾಗದವೂ ಇರಲಿ, ಮುಂದಿನ ವರ್ಷ ಯಾರಾದರೂ ನೋಡಿದರೆ ತಿಳಿಯಲಿ” ಎಂದೆ. ಅವಳು ಕಾಗದವನ್ನು ತಿರುಗಿಸಿ ನೋಡಿ, ಶ್ರಾವ್ಯಳ ಕೈಗೆ ಕೊಟ್ಟು, ಓದಿ ಹೇಳಲು ಸನ್ನೆ ಮಾಡಿದಳು. ನಾನೇ ಕಲಿಸಿದ್ದ ಕನ್ನಡ ಅಕ್ಷರ ಕೂಡಿಸಿಕೊಂಡು ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು: ನಿಯಮ ಕೇಳಿ ಸಹಿ ಹಾಕಿದವಳು ನಾನು. ಬೇಡವೆಂದವಳ ಮೇಲೆ ಚೆಂಡು ಎಸೆದವಳು ನಾನು. ಇನ್ನೊಂದು ಸಾಲಿತ್ತು. ಅಲ್ಲಿಗೆ ಬಂದು ನಿಲ್ಲಿಸಿದಳು.

“ಅಜ್ಜಿ, ಇದು ಬೇಡ.”

‘ಊರಿಗೆ ಹೋಗುವ ಆಸೆ ನನಗೆ ಉಂಟು, ಎಸೆಯುವಾಗ ಅದು ನನ್ನ ಕೈಯಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ’ ಎಂದು ಬರೆದಿದ್ದೆ.

“ಅದನ್ನೂ ಓದು” ಎಂದೆ.