ಡೊಂಕು ರೊಟ್ಟಿ ಮತ್ತು ವಿಶ್ವದ ಆಕಾರ

ಇಂಟರ್‌ವ್ಯೂಕ ರೊಟ್ಟಿ ಡಬ್ಬಿ ಒಯ್ದಾಕಿ ನಾನೊಬ್ಬಾಕಿನೇ ಇರಬೇಕು. ನಗೋರು ನಗಲಿ. ಲಿಂಗಸುಗೂರಿನ ಒಂದು ಖಾಸಗಿ ಪಿಯು ಕಾಲೇಜಿನ್ಯಾಗ ಭೌತಶಾಸ್ತ್ರ ಕಲಿಸೋ ಜಾಗ ಖಾಲಿ ಇತ್ತು. ಹುಡುಗರ ಮುಂದ ಒಂದು ಪಾಠ ಮಾಡಿ ತೋರಸ್ರಿ, ವಿಷಯ ನಿಮಗ ಬಿಟ್ಟದ್ದು ಅಂದಿದ್ರು. ಎಂ.ಎಸ್ಸಿ ಮುಗಿಸಿ ಮೂರು ವರ್ಷ ಮಸ್ಕಿಯ ಮನ್ಯಾಗ ಟ್ಯೂಷನ್ ಹೇಳಿಕೋತ ಕುಂತಿದ್ದೆ. ಆ ನೌಕರಿ ನನಗ ಬೇಕಾಗಿತ್ತು, ಸುಳ್ಳ್ಯಾಕ ಹೇಳಲಿ. ನಾ ಆರಿಸಿಕೊಂಡ ವಿಷಯ ಇಷ್ಟು: ಈ ವಿಶ್ವದ ಆಕಾರ ಎಂಥಾದ್ದು, ಅದರೊಳಗ ಇದ್ದೋರು ಅದನ್ನ ಹೆಂಗ ತಿಳಕೋಬೇಕು.

ನಮ್ಮವ್ವ ಖಡಕ್ ರೊಟ್ಟಿ ಮಾಡಿ ಸಿಂಧನೂರಿನ ಖಾನಾವಳಿಗೆ ಕಳಸ್ತಾಳ. ಹಂಚಿನ ಮ್ಯಾಲ ಅರಿವಿಲೆ ಒತ್ತಿ ಒತ್ತಿ ರೊಟ್ಟಿ ಒಣಗಸಬೇಕು. ಕೈ ಒಂಚೂರು ತಪ್ಪಿತಂದ್ರ ನಡು ಉಬ್ಬಿಕೊಂತದ. ಇಲ್ಲಂದ್ರ ಎರಡು ಕಡೆ ಮ್ಯಾಲೆದ್ದು, ಎರಡು ಕಡೆ ಕೆಳಗಿಳಿದು, ಕುದುರಿ ಜೀನಿನಂಗ ತಿರುಚಿಕೊಂತದ. ಅಂಥಾವು ಖಾನಾವಳಿಗೆ ಹೋಗಂಗಿಲ್ಲ, ನಮ್ಮ ಹೊಟ್ಟಿಗೆ ಹೋಗ್ತಾವ. ಡೊಂಕು ರೊಟ್ಟಿ ತಿಂದೇ ನಾ ಎಂ.ಎಸ್ಸಿ ಮಾಡೀನಿ.

ವಿಶ್ವಕ್ಕ ಇರಬಹುದು ಅಂತ ಹೇಳೋ ಮೂರು ಆಕಾರನೂ ನಮ್ಮ ರೊಟ್ಟಿ ಬುಟ್ಟ್ಯಾಗ ಇದ್ದವು. ಅವ್ವಗ ಹೇಳಿದೆ: "ಯವ್ವಾ, ನಾಳಿಗೆ ಒಂದು ಉಬ್ಬಿದ್ದು, ಒಂದು ತಿರುಚಿದ್ದು, ಒಂದು ಚಲೋದು ಡಬ್ಬ್ಯಾಗ ಇಡು." ಆತು ಅಂದ್ಲು.

ಕ್ಲಾಸಿನ್ಯಾಗ ಹಿಂದಿನ ಬೆಂಚಿಗೆ ಪ್ರಿನ್ಸಿಪಾಲರೂ ಆಡಳಿತ ಮಂಡಳಿಯ ಹಿರಿಯರೊಬ್ರೂ ಕುಂತಿದ್ರು. ಡಬ್ಬಿ ತೆಗದು ನೋಡ್ತೀನಿ, ಮೂರೂ ಚಪ್ಪಟಿ! ಸಾಹೇಬ್ರ ಮುಂದ ಡೊಂಕು ರೊಟ್ಟಿ ಇಟ್ರ ಮನಿ ಮರ್ಯಾದಿ ಹೋಗ್ತದಂತ ಅವ್ವ ಆರಿಸಿ ಆರಿಸಿ ಚಲೋವನ್ನ ಇಟ್ಟಿದ್ಲು. ಸಿಟ್ಟು ನೆತ್ತಿಗೇರಿತು.

"ಏನ್ರೀ ಅದು, ನಾಷ್ಟಾನಾ?" ಅಂದ್ರು ಹಿರಿಯರು.

"ವಿಶ್ವ ರೀ. ನಮ್ಮವ್ವ ಮಾಡಿ ಮಾರ್ತಾಳ," ಅಂದೆ. ಹುಡುಗರು ನಕ್ಕರು. ನಗು ನಿಂತ ಮ್ಯಾಲ ಶುರು ಮಾಡಿದೆ.

ಈ ರೊಟ್ಟಿ ಮ್ಯಾಲ ಒಂದು ಇರುವಿ ಅದ ಅನ್ಕೋರಿ. ಅದಕ್ಕ ಹಿಂದ-ಮುಂದ, ಎಡ-ಬಲ ಅಷ್ಟೇ ಗೊತ್ತು. ಮ್ಯಾಲ-ಕೆಳಗ ಅನ್ನೋದು ಅದರ ತಲಿಗೇ ಹೋಗಂಗಿಲ್ಲ. ಎರಡು ಆಯಾಮದ ಜೀವ ಅದು. ನಮಗ ಮೂರು ಆಯಾಮ, ಅದಕ್ಕಿಂತ ಒಂದೇ ಹೆಚ್ಚು. ರೊಟ್ಟಿ ಹೊರಗ ನಿಂತು ನೋಡಾಕ ಅದಕ್ಕೂ ಬರಂಗಿಲ್ಲ, ವಿಶ್ವದ ಹೊರಗ ನಿಂತು ನೋಡಾಕ ನಮಗೂ ಬರಂಗಿಲ್ಲ. ಮತ್ತ ತನ್ನ ರೊಟ್ಟಿ ಡೊಂಕು ಅಂತ ಅದಕ್ಕ ಹೆಂಗ ತಿಳೀಬೇಕು? ದೊಡ್ಡದೊಂದು ತ್ರಿಕೋನ ಬರದು ಮೂರು ಮೂಲಿಯ ಕೋನ ಅಳೀಬೇಕು. ಕೂಡಿಸಿದ್ರ ನೂರಾ ಎಂಬತ್ತು ಡಿಗ್ರಿ ಬಂತು, ಚಪ್ಪಟಿ. ಹೆಚ್ಚು ಬಂತು, ಉಬ್ಬು. ಕಮ್ಮಿ ಬಂತು, ಜೀನು. ಮೂರೂ ತ್ರಿಕೋನ ಬೋರ್ಡಿನ ಮ್ಯಾಲ ಬರದೆ.

ಡೊಂಕು ರೊಟ್ಟಿ ಇಲ್ಲದಿದ್ರ ಏನಾತು, ಕಪಾಟಿನ ಮ್ಯಾಲ ಭೂಗೋಳದ ಗುಂಡು ಇತ್ತು. ಖಡಕ್ ರೊಟ್ಟಿಗೆ ನೀರು ಚಿಮುಕಿಸಿ ಮೆತ್ತಗ ಮಾಡಿ ತಿಂತೀವಲ್ಲ, ಹಂಗ ಚಿಮುಕಿಸಿ ಗುಂಡಿನ ಮ್ಯಾಲ ಹಾಸಿ ಒತ್ತಿದೆ. ಅಂಚು ಹರೀತು. "ನೋಡ್ರಿ, ಚಪ್ಪಟಿ ಇದ್ದದ್ದು ಗುಂಡಿಗೆ ಹೊಂದಂಗಿಲ್ಲ. ಆಕಾರ ಅನ್ನೋದು ಹೊರಗಿನೋರ ಕಣ್ಣಾಗ ಇಲ್ಲ, ಅದರ ಮೈಯಾಗೇ ಅದ."

ಮುಂದಿನ ಬೆಂಚಿನ ಒಬ್ಬಾಕಿ, ಮುದಗಲ್ಲಿನಿಂದ ಬರೋ ಹುಡುಗಿ, ಎದ್ದು ನಿಂತು ಕೇಳಿದ್ಲು: "ನಮ್ಮ ವಿಶ್ವ ಯಾವ ಥರದ್ದು ರೀ ಮೇಡಮ್?"

"ಇಲ್ಲಿತನಕ ಅಳದಿದ್ದರಾಗ ಹೆಚ್ಚು ಕಮ್ಮಿ ಚಪ್ಪಟಿ. ಆದ್ರ ನಾವು ಅಳದದ್ದು ನಮಗ ಕಂಡಷ್ಟೇ. ದಢೇಸುಗೂರಿನ ನೀರು ನಿಂತ ಗದ್ದಿ ನೋಡಿ ಭೂಮಿನೇ ಚಪ್ಪಟಿ ಅನ್ನಾಕ ಬರ್ತದೇನವಾ?"

"ಸಾಕ್ರೀ," ಅಂದ್ರು ಹಿರಿಯರು. "ಇದು ಪರೀಕ್ಷಾದಾಗ ಬರಂಗಿಲ್ಲ. ರೊಟ್ಟಿ ಮಾರೋರಿಗೆ ಆಕಾಶದಾಗೂ ರೊಟ್ಟಿನೇ ಕಾಣ್ತದ."

ಪ್ರಿನ್ಸಿಪಾಲರು ನನ್ನ ಹತ್ರ ಬಂದು ಮೆತ್ತಗ ಹೇಳಿದ್ರು: "ನಿಮ್ಮ ಮಾರ್ಕ್ಸ್ ಚಲೋ ಅವ. ನೌಕರಿ ನಿಮ್ಮದೇ ಅಂತ ತಿಳಕೋರಿ. ಬೋರ್ಡ್ ಒರಸ್ರಿ, ಗೈಡ್ ನೋಡಿ ಹತ್ತು ನಿಮಿಷ ನೋಟ್ಸ್ ಬರಸ್ರಿ. ಮುಂದನೂ ಹಂಗೇ ಮಾಡಿದ್ರ ಸಾಕು."

ಡಸ್ಟರ್ ಕೈಗೆ ತಗೊಂಡೆ. ಹೌದು, ತಗೊಂಡೆ. ಪಗಾರ ಯಾರಿಗೆ ಬ್ಯಾಡ? ಹೊಳ್ಳಿ ನೋಡಿದ್ರ, ಆ ಹುಡುಗಿ ನಾ ಒರಸೋದ್ರಾಗ ಮುಗಸಬೇಕಂತ ಗಡಬಡಿಸಿ ಮೂರೂ ತ್ರಿಕೋನ ಬರಕೊಳ್ಳಾಕತ್ತಿದ್ಲು. ಎರಡು ಆಗಿದ್ದವು, ಮೂರನೇದಕ್ಕ ಒಂದೇ ಗೆರಿ ಬಿದ್ದಿತ್ತು.

"ಸಾವಕಾಶ ಬರಕೋವಾ," ಅಂದೆ. "ನಾ ಒರಸಂಗಿಲ್ಲ."

"ಮೇಡಮ್..." ಅಂದ್ರು ಪ್ರಿನ್ಸಿಪಾಲರು.

ಡಸ್ಟರ್ ಅವರ ಕೈಯಾಗ ಇಟ್ಟು, ಬೋರ್ಡಿಗೆ ಅಡ್ಡ ಆಗದಂಗ ಬಾಜೂಕ ಸರದು ನಿಂತೆ. ಆಕಿ ಬರದು ಮುಗಿಸಿ ಪೆನ್ನಿನ ಟೋಪಿ ಹಾಕೋತನಕ ಅಲ್ಲೇ ನಿಂತಿದ್ದೆ. ನೌಕರಿ ಬ್ಯಾರೆಯವರಿಗೆ ಹೋತು. ಹೋಗಲಿ, ಪಾಠ ಮುಗಿಸಿ ಬಂದೀನಿ.