ಕುಕ್ಕಪ್ಪ ಮಾಸ್ಟ್ರು ಸೋತ ತಾಳಮದ್ದಳೆ

ನಮ್ಮ ಮನೆಯವರಿಗೆ, ಅಂದರೆ ಕುಕ್ಕಪ್ಪ ಮಾಸ್ಟ್ರಿಗೆ, ವಾದದಲ್ಲಿ ಸೋತು ಅಭ್ಯಾಸವಿಲ್ಲ. ಕಡಬದಲ್ಲಿ ಬಸ್ಸಿನ ಕಂಡಕ್ಟರನ ಹತ್ತಿರ ಶುರುವಾದ ಚರ್ಚೆ ಸುಬ್ರಹ್ಮಣ್ಯದವರೆಗೂ ಹೋಗಿ, ಕೊನೆಗೆ ಅವನೇ ಕೈಮುಗಿದದ್ದುಂಟು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ನೇರವಾಗಿ ಹೇಳುವ ಜಾತಿಯಲ್ಲ. ಪೂರ್ವಪಕ್ಷ, ಉತ್ತರಪಕ್ಷ ಎಲ್ಲ ಮುಗಿಸಿಯೇ ಹೇಳಬೇಕು. ತಾಳಮದ್ದಳೆಯ ಅರ್ಥಧಾರಿಯನ್ನು ಕಟ್ಟಿಕೊಂಡರೆ ಹೀಗೇ. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು, ಪಾತ್ರವಾಗಿ ಮಾತಾಡಿ, ಎದುರಿನವನ ಬಾಯಿ ಮುಚ್ಚಿಸುವುದೇ ಇವರ ಸುಖ. ಆ ಸುಖಕ್ಕೆ ಎದುರು ಕೂರುವ ಜೊತೆಗಾರ ಜತ್ತಪ್ಪಣ್ಣ. ಅವರ ಮನೆ ಆಲಂಕಾರಿನಲ್ಲಿ, ವಕೀಲಿಕೆ ಪುತ್ತೂರಿನಲ್ಲಿ. ಇವರಿಗೆ ಅಣ್ಣನಿಗಿಂತ ಹೆಚ್ಚು.

ಇವರು ಇತಿಹಾಸದ ಮಾಸ್ಟ್ರು, ನಾನು ಅದೇ ಶಾಲೆಯಲ್ಲಿ ಹಿಂದಿ ಟೀಚರ್. ಕಳೆದ ವರ್ಷ ಅಮೆರಿಕದ ಅಂತರ್ಯುದ್ಧದ ಪಾಠಕ್ಕೆ ಮಕ್ಕಳು ಆಕಳಿಸಿದರಂತೆ. ಇವರಿಗೆ ಹುರುಪು ಬಂತು. ಶನಿವಾರ ಶಾಲೆಯ ಹಾಲ್‌ನಲ್ಲಿ ತಾಳಮದ್ದಳೆಯನ್ನೇ ಇಟ್ಟುಬಿಟ್ಟರು. ಪ್ರಸಂಗ ಇಷ್ಟೆ: ಪಶ್ಚಿಮದಲ್ಲಿ ಹೊಸ ಸೀಮೆ ಸಿಕ್ಕಿದೆ; ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೋ, ಕೂಡದೋ. ಜತ್ತಪ್ಪಣ್ಣ ಕೂಡದು ಎನ್ನುವ ಉತ್ತರದವರು, ಇವರು ದಕ್ಷಿಣದ ಹತ್ತಿ ತೋಟದ ಒಡೆಯ. ಕೊನೆಗೆ ಮಕ್ಕಳು ಕೈಯೆತ್ತಿ ತೀರ್ಪು ಕೊಡಬೇಕು.

ಪಾಠ ಹೇಳಲು ಹೊರಟವರು ಸೋಲಬೇಕಿತ್ತು. ಚಾಪೆಯಲ್ಲಿ ಕೂತ ಮೇಲೆ ಈ ಮನುಷ್ಯನಿಗೆ ಗೆಲ್ಲುವುದೊಂದೇ ಗೊತ್ತು. "ಗುಲಾಮರೆಂದು ಯಾರು ಹೇಳಿದ್ದು? ನಮ್ಮ ಮನೆಯ ಮಕ್ಕಳ ಹಾಗೆ ಅವರು. ಬಾಣಂತನಕ್ಕೆ ಬೆಲ್ಲ, ಹಬ್ಬಕ್ಕೆ ಬಟ್ಟೆ ಕೊಟ್ಟವರು ಯಾರು? ನಾವು ಬಿಟ್ಟರೆ ಅವರು ಹೋಗುವುದಾದರೂ ಎಲ್ಲಿಗೆ?" ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಜತ್ತಪ್ಪಣ್ಣನ ಮುಖ ನೋಡಿದೆ. ಇವರ ಅಜ್ಜ ಜಗಲಿಯಲ್ಲಿ ಕೂತು ಇದೇ ಮಾತು ಹೇಳುತ್ತಿದ್ದುದನ್ನು ಮದುವೆಯಾದ ಹೊಸತರಲ್ಲಿ ನಾನೇ ಕೇಳಿದ್ದೆ. ಜತ್ತಪ್ಪಣ್ಣನ ಅಜ್ಜಿ ಆ ಮನೆಯ ಮೂಲದ ಆಳು. ಹುಟ್ಟಿದ್ದೇ ಆ ಮನೆಯಲ್ಲಿ ದುಡಿಯಲಿಕ್ಕೆ ಎಂದು ಒಡೆಯರು ಇಟ್ಟುಕೊಂಡಿದ್ದ ಹೆಂಗಸು.

ಜತ್ತಪ್ಪಣ್ಣ "ಪುತ್ತೂರಿಗೆ ಹೋಗ್ಲಿಕ್ಕುಂಟು" ಎಂದು ಎದ್ದು ಹೋದರು. ಮಕ್ಕಳು ಹೊಸ ಸೀಮೆಯನ್ನು ಒಡೆಯನಿಗೇ ಕೊಟ್ಟರು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. "ಗೆದ್ದಿರಲ್ಲ ಮಾರಾಯ್ರೆ, ಪಾಯಸ ಮಾಡ್ಲಾ? ಅಜ್ಜನ ಮಾತು ನಿಮಗೆ ಲಾಯ್ಕ ಬಾಯಿಪಾಠ ಉಂಟು" ಎಂದೆ.

ಆಗಲೇ ಇವರಿಗೆ ಹೊಳೆದದ್ದು. ಮುಖ ಸಣ್ಣಗಾಯಿತು. "ನನಗೆ ಗೊತ್ತೇ ಆಗ್ಲಿಲ್ಲ ವಾಸಂತಿ. ಜತ್ತಪ್ಪಣ್ಣ ಇನ್ನು ನನ್ನೆದುರು ಕೂರುದಿಲ್ಲವಾ?" ಎಂದರು. ಊಟವನ್ನೂ ಅರ್ಧಕ್ಕೆ ಬಿಟ್ಟರು. ಪಾಪ ಅನ್ನಿಸಿತು. ಈ ಬಾಯಿಬಡುಕನನ್ನು ನಾನು ಇಷ್ಟು ವರ್ಷ ಸಹಿಸಿಕೊಂಡದ್ದು ಒಳಗಿನ ಆ ಮೆತ್ತಗಿನ ಮನುಷ್ಯನಿಗಾಗಿ.

ಮರುದಿನ ಇಬ್ಬರೂ ಜತ್ತಪ್ಪಣ್ಣನ ಮನೆಗೆ ಹೋದೆವು. "ತಪ್ಪಾಯ್ತು" ಎಂದರು ಇವರು. ಅಷ್ಟೆ. ಪೀಠಿಕೆ ಇಲ್ಲದೆ ಇವರು ಮಾತಾಡಿದ್ದನ್ನು ನಾನು ಮೊದಲ ಸಲ ಕಂಡೆ.

ಜತ್ತಪ್ಪಣ್ಣ ಒಳಗೆ ಕರೆದು ಕೂರಿಸಿದರು. "ಮಾಸ್ಟ್ರೆ, ಎಂತ ಮಾಡಿದೆವು ನಾವು? ಗುಲಾಮರ ಮೇಲೆ ಪ್ರಸಂಗ ಕಟ್ಟಿದೆವು, ಗುಲಾಮನಿಗೇ ಪಾತ್ರ ಕೊಡ್ಲಿಲ್ಲ. ಬರುವ ಶನಿವಾರ ಆ ಪಾತ್ರ ನಾನು ಮಾಡುದು. ನೀವು ಒಡೆಯನೇ ಆಗ್ಬೇಕು, ಮಾತು ಒಂದೂ ಬಿಡ್ಬಾರ್ದು" ಎಂದರು.

ಶನಿವಾರ ಮಾಸ್ಟ್ರು ಚಾಪೆಯಲ್ಲಿ ಕೂತರು. ಜತ್ತಪ್ಪಣ್ಣ ಬದಿಯಲ್ಲಿ ನಿಂತರು. ಬೆಲ್ಲ, ಬಟ್ಟೆ, ಮನೆಯ ಮಕ್ಕಳು, ಎಲ್ಲ ಪುನಃ ಬಂತು. ಈ ಸಲ ಇವರು ನೆಲ ನೋಡಿಕೊಂಡು ಹೇಳಿದರು. ಮುಗಿದ ಮೇಲೆ ಜತ್ತಪ್ಪಣ್ಣ ಮೆಲ್ಲಗೆ ಹೇಳಿದರು: "ಒಡೆಯಾ, ಇಷ್ಟು ಹೊತ್ತು ನನ್ನ ವಿಷಯವೇ ಮಾತಾಡಿದಿರಿ. ಮನೆಯ ಮಗ ಅಂತಲೂ ಹೇಳಿದಿರಿ. ಕೂತುಕೋ ಅಂತ ಮಾತ್ರ ಹೇಳಲಿಲ್ಲ."

ಇವರು ಚಾಪೆಯಲ್ಲಿ ಸರಿದು ಜಾಗ ಮಾಡಿದರು. ಜತ್ತಪ್ಪಣ್ಣ ಪಕ್ಕದಲ್ಲಿ ಕೂತರು. ನನಗೆ ಅಳು ತಡೆಯಲಾಗಲಿಲ್ಲ.

ತೃಷಾ ಎಂಬ ಹುಡುಗಿ ಎದ್ದು ನಿಂತಳು. "ಇಷ್ಟೇನಾ ಸರ್? ಇಷ್ಟಕ್ಕೆ ಯುದ್ಧ ಯಾಕೆ ಬೇಕಿತ್ತು?"

ಇವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಿ ಒಡೆಯರು ಜಾಗ ಬಿಡ್ಲಿಕ್ಕೆ ಒಪ್ಪಲಿಲ್ಲ ಮಗಾ. ಲಕ್ಷಗಟ್ಟಲೆ ಜನ ಸತ್ತರು" ಎಂದರು. "ನಮ್ಮಲ್ಲಿ ಯುದ್ಧ ಆಗ್ಲಿಲ್ಲ. ಹಾಗಾಗಿ ಇಷ್ಟು ಜಾಗ ಬಿಡ್ಲಿಕ್ಕೆ ನಮ್ಮ ಮನೆಗೆ ಇವತ್ತಿನವರೆಗೆ ಬೇಕಾಯ್ತು."