ನನ್ನ ಬ್ಯಾಜು, ವಡಾಲದ ನಲ್ಲಿ ಮತ್ತು ಅರ್ಧ ಇಟ್ಟಿಗೆ

ಸಮಸ್ತ ಬಂಧುಮಿತ್ರರಿಗೆ, ಹಿತೈಷಿಗಳಿಗೆ ಮತ್ತು ನನ್ನನ್ನು ಮ್ಯೂಟ್ ಮಾಡಿರುವವರಿಗೆ ತಿಳಿಯಪಡಿಸುವುದೇನೆಂದರೆ, ನನಗೆ ಕುತ್ತಿಗೆಗೆ ನೇತುಹಾಕುವ ಬ್ಯಾಜೊಂದು ಲಭಿಸಿದೆ.

ಲ್ಯಾಮಿನೇಟ್ ಮಾಡಿದ್ದು. ನೀಲಿ ದಾರ. ‘ಶಾಂತಿ ಸಮಿತಿ, ಸದಸ್ಯ’ ಎಂದು ಮರಾಠಿಯಲ್ಲಿದೆ. ಫೋಟೋ ನನ್ನ ಆಧಾರ್ ಕಾರ್ಡಿನದಕ್ಕಿಂತ ಎಷ್ಟೋ ವಾಸಿ.

ಹೆಂಡತಿ ಅದನ್ನು ತಿರುಗಿಸಿ ನೋಡಿ, “ರಿಮೋಟ್ ಸಲುವಾಗಿ ಅತ್ತಿ ಜೋಡಿ ಜಗಳಾಡಾವ್ರು ನೀವು. ಯಾರ ಶಾಂತಿ ಕಾಯಾಕ ಹೊಂಟೀರಿ?” ಎಂದಳು. ಧಾರವಾಡದವಳು. ಮುಂಬೈಗೆ ಬಂದು ಇಪ್ಪತ್ತು ವರ್ಷವಾದರೂ ಮಾತಿನ ಮೊನೆ ಸವೆದಿಲ್ಲ.

ಸಂಗತಿ ಹೀಗಿದೆ. ವಡಾಲದ ನಮ್ಮ ಬಿಲ್ಡಿಂಗಿನ ಹಿಂದೆ ಎರಡು ಗಲ್ಲಿಗಳಿವೆ. ಒಂದರಲ್ಲಿ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಇನ್ನೊಂದರಲ್ಲಿ ಹೊಲಿಗೆ ಕೆಲಸದ ಮುಸ್ಲಿಂ ಕುಟುಂಬಗಳು. ಎರಡಕ್ಕೂ ಒಂದೇ ನಲ್ಲಿ. ಅದೂ ನಮ್ಮ ಬಿಲ್ಡಿಂಗಿನ ಸೊಸೈಟಿಯ ನೀರಿನ ಲೈನಿನಿಂದ ಕೊಟ್ಟದ್ದು, ಬೆಳಗ್ಗೆ ಒಂದು ತಾಸು.

ಹೋದ ತಿಂಗಳು ಲೌಡ್‌ಸ್ಪೀಕರ್ ನೆಪದಲ್ಲಿ ಎರಡೂ ಗಲ್ಲಿಯ ಗಂಡಸರು ಕಾಲರ್ ಹಿಡಿದುಕೊಂಡರು. ಅಂದಿನಿಂದ ಹೆಂಗಸರ ಮಾತೂ ಬಂದ್.

ನಮ್ಮ ಸೊಸೈಟಿ ಮೀಟಿಂಗ್ ಕರೆದು, ಬಿಸ್ಕತ್ತು ತಿಂದು, ನಿರ್ಣಯ ಪಾಸು ಮಾಡಿತು: ನಲ್ಲಿಯ ಹತ್ತಿರ ಇನ್ನೊಂದು ಜಗಳವಾದರೆ ವಾಲ್ವ್ ಕಾಯಂ ಬಂದ್.

ಬಿಸ್ಕತ್ತು ತಿಂದವರಲ್ಲಿ ನಾನೂ ಇದ್ದೆ. ಬಾಯಿ ತೆರೆದದ್ದು ಅದಕ್ಕೆ ಮಾತ್ರ... ಆ ನಾಚಿಕೆಗೇ ಮರುದಿನ ಬಡಾವಣೆಯ ಶಾಂತಿ ಸಮಿತಿಗೆ ಸೇರಿದೆ.

ಭಾನುವಾರ ಮೊದಲ ಡ್ಯೂಟಿ. ಬೆಳಗ್ಗೆ ಆರಕ್ಕೆ ನಲ್ಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಕದಡುವುದಕ್ಕೆ ಒಬ್ಬರೂ ಇರಲಿಲ್ಲವಾಗಿ ಶಾಂತಿ ಅಖಂಡವಾಗಿತ್ತು.

ಇದ್ದದ್ದು ಕೊಡ, ಕ್ಯಾನು, ಡ್ರಮ್ಮುಗಳ ಒಂದು ಸೊಟ್ಟ ಸಾಲು. ದೊಡ್ಡದರ ಹಿಂದೆ ಚಿಕ್ಕದು, ಹಸಿರಿನ ಮಗ್ಗುಲಲ್ಲಿ ಕೆಂಪು. ನಡುವೆ ಒಂದು ಹರಿದ ಚಪ್ಪಲಿ, ಒಂದು ಅರ್ಧ ಇಟ್ಟಿಗೆ.

ಸಮಿತಿಯ ಗ್ರೂಪಿಗೆ ಫೋಟೋ ಕಳಿಸಬೇಕಿತ್ತು. ಎದ್ದೆ. ಶಾಲೆಯ ಗ್ರೂಪ್ ಫೋಟೋದ ಹಾಗೆ ಚಿಕ್ಕವರನ್ನು ಮುಂದೆ, ದೊಡ್ಡವರನ್ನು ಹಿಂದೆ ನಿಲ್ಲಿಸಿದೆ. ಬಣ್ಣಕ್ಕೆ ಬಣ್ಣ ಹೊಂದಿಸಿದೆ. ಚಪ್ಪಲಿ, ಇಟ್ಟಿಗೆ ಕಸದ ಡಬ್ಬಿಗೆ ಹೋದವು.

ಫೋಟೋಕ್ಕೆ ಹನ್ನೊಂದು ಥಂಬ್ಸ್ ಅಪ್ ಬಂದವು.

ಆರೂವರೆಗೆ ಹೆಂಗಸರು ಬಂದರು. ಬಂದವರು ಬಂದಲ್ಲೇ ನಿಂತರು.

ಆಮೇಲೆ ಗೊತ್ತಾಯಿತು. ಅದು ಪಾತ್ರೆಗಳ ಸಾಲಲ್ಲ, ಮನುಷ್ಯರದ್ದು. ನಸುಕಿನಲ್ಲೇ ಎದ್ದು, ತಮ್ಮ ಬದಲು ಕೊಡವನ್ನು ಪಾಳಿಗೆ ನಿಲ್ಲಿಸಿ, ರೊಟ್ಟಿ ಬಡಿಯಲು ಹೋಗುತ್ತಾರೆ. ಇನ್ನೊಬ್ಬರ ಕೊಡವನ್ನು ಯಾರೂ ಮುಟ್ಟುವುದಿಲ್ಲ. ಕಾಲರ್ ಹಿಡಿದ ದಿನವೂ ಮುಟ್ಟಿರಲಿಲ್ಲವಂತೆ.

“ನಮ್ಮ ಕೊಡಾ ಯಾರ್ ಸರಿಸ್ಯಾರ?” ಎಂದು ಇತ್ತಲಿಂದ ಒಂದು ದನಿ. “ಔರ್ ಕೌನ್, ಉಧರ್‌ವಾಲೇ” ಎಂದು ಅತ್ತಲಿಂದ ಇನ್ನೊಂದು.

ಮೇಲೆ ಬಾಲ್ಕನಿಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಚಹಾದ ಕಪ್ಪು ಹಿಡಿದು ಬಗ್ಗಿ ನೋಡುತ್ತಿದ್ದಾರೆ. ಕೆಳಗೆ ನಲ್ಲಿ ಒಮ್ಮೆ ಕೆಮ್ಮಿ ನೀರು ಬಿಡುತ್ತದೆ. ಯಾರೂ ಹಿಡಿಯುತ್ತಿಲ್ಲ. ಎರಡು ಗಲ್ಲಿಯ ನೀರು ನನ್ನ ಒಂದು ಫೋಟೋಕ್ಕೆ ಬಲಿಯಾಗುವುದು ಕಣ್ಣಿಗೆ ಕಾಣುತ್ತಿದೆ.

“ನಾನೇ ಸರಿಸಿದ್ದು” ಎಂದೆ. ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಕೈ ತಾನಾಗಿ ಬ್ಯಾಜನ್ನು ಮುಚ್ಚಿಕೊಂಡಿತ್ತು.

ವಿಜಯಪುರದವರ ಗಲ್ಲಿಯ ಹಿರಿಯಳು ಗಂಗವ್ವ. ಗಾರೆ ಹೊತ್ತು ಹೊತ್ತು ಕುತ್ತಿಗೆ ನೆಟ್ಟಗಾದ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಶಾಂತಿ ಸಮಿತಿ ಸಾಹೇಬ್ರ, ನೀವ್ ಕುರ್ಚಿ ಮ್ಯಾಲ ಕೂಡ್ರಿ. ಕೈ ಕಟ್ಟಿ ಕೂಡ್ರಿ.”

ಕೂತೆ. ಕಟ್ಟಿದೆ.

ಗಂಗವ್ವ ಕೊಡಗಳತ್ತ ತಿರುಗಿದಳು. “ಮೊದಲ್ನೇದು ಫಾತಿಮಾಂದು” ಎನ್ನುತ್ತ ಒಂದು ಕ್ಯಾನನ್ನು ಎತ್ತಿ ನಲ್ಲಿಯ ಕೆಳಗಿಟ್ಟಳು. ಆಚೆ ಗಲ್ಲಿಯ ಫಾತಿಮಾ. ತಿಂಗಳಿಂದ ಮಾತಿಲ್ಲದ ಗಲ್ಲಿಯ ಫಾತಿಮಾ.

ಆಚೆ ಗಲ್ಲಿಯ ಝೈನಬ್ ಬೀ ಮುಂದೆ ಬಂದರು. “ದೂಸರಾ, ಶಾಂತಾಬಾಯಿ.” ಈಚೆಯವಳ ಹಸಿರು ಕೊಡ ಎರಡನೆಯದಾಯಿತು.

ಹಾಗೇ ನಡೆಯಿತು. ಇವಳು ಅವರದನ್ನು ಎತ್ತಿಡುತ್ತಾಳೆ, ಅವರು ಇವರದನ್ನು. ಯಾವುದರ ಕಂಠ ನೆಗ್ಗಿದೆ, ಯಾವ ಮುಚ್ಚಳಕ್ಕೆ ದಾರ ಕಟ್ಟಿದೆ, ಎಲ್ಲ ಬಾಯಿಪಾಠ. ಮಾತು ಬಿಟ್ಟ ತಿಂಗಳಲ್ಲೂ ಇವರು ಪರಸ್ಪರರ ಪಾಳಿಯನ್ನು ಕಾಯುತ್ತಲೇ ಇದ್ದರು... ನನಗೆ ನಮ್ಮ ಮಹಡಿಯ ಎದುರು ಮನೆಯವರ ಹೆಸರು ಗೊತ್ತಿಲ್ಲ.

ಕೊನೆಗೆ ಉಳಿದದ್ದು ಎರಡು ಕೊಡ, ಗಂಗವ್ವ, ಝೈನಬ್ ಬೀ ಇಬ್ಬರದೇ.

“ನಿಂದ ಮುಂದಿತ್ತು.” “ನಹೀ, ತೇರಾ ಆಗೇ ಥಾ.” “ಸುಳ್ಳ್ ಹೇಳಬ್ಯಾಡ.” “ತೂ ಝೂಟ್ ಮತ್ ಬೋಲ್.”

ದನಿ ಏರಿತು. ಮೇಲಿನಿಂದ ಸೆಕ್ರೆಟರಿ, “ಕ್ಯಾ ಝಗಡಾ ಹೈ?” ಎಂದು ಕೂಗಿದರು. ಇಬ್ಬರೂ ಒಟ್ಟಿಗೆ ಮುಖ ಎತ್ತಿದರು. “ಝಗಡಾ ನಹೀ ಸಾಬ್. ಲೈನ್ ಲಗಾ ರಹೇ ಹೈಂ.” ಸೆಕ್ರೆಟರಿ ಚಹಾ ಸಮೇತ ಒಳಗೆ ಹೋದರು.

ನನ್ನ ಕಣ್ಣು ಒದ್ದೆಯಾಗಿತ್ತು. ಪೈಪಿನಿಂದ ಸಿಡಿದ ನೀರು ಎಂದೇ ದಾಖಲಾಗಲಿ.

ಅಷ್ಟರಲ್ಲಿ ಗಂಗವ್ವ ಕೇಳಿದಳು, “ಇಟ್ಟಂಗಿ ಎಲ್ಲೈತ್ರಿ?”

ಅದು ಹುಸೇನಮ್ಮನ ಇಟ್ಟಿಗೆ. ಒಂಟಿ ಮುದುಕಿ. ಮನೆಯಲ್ಲಿ ನೀರಿಗೆ ಇರುವುದು ಒಂದೇ ಕೊಡ. ಅದರಲ್ಲಿ ನಿನ್ನೆಯ ನೀರು ಉಳಿದಿರುವಾಗ ಪಾಳಿಗೆ ಇಟ್ಟಿಗೆ ನಿಲ್ಲುತ್ತದೆ. ಐದನೆಯ ಜಾಗ. ಅದನ್ನು ಯಾರೂ ದಾಟಿ ಹೋಗುವುದಿಲ್ಲ.

ಬ್ಯಾಜು ಜೋತಾಡುವಂತೆ ಬಗ್ಗಿ ಕಸದ ಡಬ್ಬಿಗೆ ಕೈ ಹಾಕಿದೆ. ಚಪ್ಪಲಿ ಸಿಕ್ಕಿತು. ಇಟ್ಟಿಗೆ ನಾನು ಎಸೆದ ರಭಸಕ್ಕೆ ಎರಡಾಗಿತ್ತು. ಹೆಂಗಸರ ನಡುವೆ ನಿಂತಿದ್ದ ಹುಸೇನಮ್ಮ ಎರಡೂ ತುಂಡನ್ನು ಜೋಡಿಸಿ ಐದನೆಯ ಜಾಗದಲ್ಲಿಟ್ಟು, “ಕೋಯೀ ಬಾತ್ ನಹೀ ಬೇಟಾ” ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಆ ನಿರ್ಣಯ ವಾಪಸು ಪಡೆಯಿರಿ ಎಂದು ಕೇಳಲಿದ್ದೇನೆ. ಬಿಸ್ಕತ್ತು ಮುಟ್ಟದೆ.

ಅಲ್ಲಿಯವರೆಗೆ ಒಂದು ಸಣ್ಣ ಉಪಕಾರ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮುಚ್ಚಳವಿರುವ, ಸೋರದ ಕ್ಯಾನೊಂದು ಸುಮ್ಮನೆ ಕೂತಿದೆಯೇ? ಮುದುಕಿ ಎತ್ತುವಷ್ಟು ಚಿಕ್ಕದಿರಲಿ, ಬಣ್ಣ ಯಾವುದಾದರೂ ಸರಿ. ಊರಿನ ಆ ತುದಿಯ ದಹಿಸರ್ ಆದರೂ ಲೋಕಲ್ ರೈಲು ಹಿಡಿದು ನಾನೇ ಬಂದು ಒಯ್ಯುತ್ತೇನೆ. ಹುಸೇನಮ್ಮನ ಕೈಗೇ ಕೊಡುತ್ತೇನೆ, ಸಾಲಿನಲ್ಲಿ ನಾನಾಗಿ ಇಡುವುದಿಲ್ಲ.